ಬಿಸಿಲನ್ನು ಮಾಳಿಗೆ ಮೇಲೆಯೇ ತಡೆಯಿರಿ

ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಮೂರು ಥರದ ಮನೆಗಳು ಕಾಣುತ್ತವೆ. ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಕಲ್ಲುಗೋಡೆಯ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳಿವೆ. ಮಸ್ಕಿ ಸುತ್ತಮುತ್ತ ಅರ್ಧ ಮಾಳಿಗೆ, ಅರ್ಧ ತಗಡು. ಸಿಂಧನೂರು ಹತ್ತಿರವಾದಂತೆ, ಕಾಲುವೆ ನೀರಿನ ಭತ್ತದಿಂದ ನಾಲ್ಕು ಕಾಸು ಕಂಡ ಕ್ಯಾಂಪುಗಳಲ್ಲಿ ಸಿಮೆಂಟಿನ ಸ್ಲ್ಯಾಬು. ನೋಡಲು ಸ್ಲ್ಯಾಬಿನ ಮನೆ ಚಂದ, ಅದರ ಮುಂದೆ ಮಣ್ಣಿನ ಮಾಳಿಗೆ ಬಡವರದು. ಆದರೆ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಈ ಮೂರು ಮನೆಗಳ ಒಳಗೆ ಹೋಗಿ ಕುಳಿತರೆ ಯಾರು ಬಡವರು, ಯಾರು ಶ್ರೀಮಂತರು ಎನ್ನುವ ಲೆಕ್ಕ ತಿರುವುಮುರುವಾಗುತ್ತದೆ.

ನಮ್ಮ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹೊಲದಲ್ಲಿ ಬಿಸಿಲು ತಪ್ಪಿದ್ದಲ್ಲ. ಆದರೆ ಮನೆಯೊಳಗೂ ಬಿಸಿಲು ಬಂದು ಕುಳಿತರೆ ಎಲ್ಲಿ ಹೋಗುವುದು? ಅದಕ್ಕೇ ಈಗ ಹಳ್ಳಿ ಹಳ್ಳಿಯಲ್ಲೂ ಫ್ಯಾನಿನ ಮೇಲೆ ಫ್ಯಾನು, ಅದರ ಮೇಲೆ ಕೂಲರು. ಕರೆಂಟಿನ ಖರ್ಚು ಏರುತ್ತಲೇ ಇದೆ, ಸೆಕೆ ಮಾತ್ರ ಇದ್ದಲ್ಲೇ ಇದೆ. ಫ್ಯಾನಿಗೆ ದುಡ್ಡು ಹಾಕುವ ಮೊದಲು ಸೂರಿನ ಕಡೆ ನೋಡಬೇಕು ಎನ್ನುವುದೇ ಈ ಬರಹದ ಸಾರ.

ಶಾಖ ಎಲ್ಲಿಂದ ಬರುತ್ತದೆ?

ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ. ಗೋಡೆಗೆ ಬೀಳುವ ಬಿಸಿಲು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಮಾಳಿಗೆಯ ಮೇಲೆ ಮಾತ್ರ ದಿನಪೂರ್ತಿ ಬೀಳುತ್ತದೆ. ಅಂದ ಮೇಲೆ ಒಂದೇ ಅಂತಸ್ತಿನ ನಮ್ಮಂಥ ಮನೆಗೆ ಶಾಖ ಇಳಿಯುವ ದೊಡ್ಡ ದಾರಿ ತಲೆಯ ಮೇಲಿನದೇ.

ತಗಡಿನದು ಒಂದು ಥರ. ಅದು ತೆಳು, ಲೋಹ. ಬಿಸಿಲು ಬಿದ್ದ ಗಳಿಗೆಯಲ್ಲೇ ಕಾಯುತ್ತದೆ, ಕಾದ ಗಳಿಗೆಯಲ್ಲೇ ಕೆಳಗಿದ್ದವರ ನೆತ್ತಿ ಸುಡುತ್ತದೆ. ಒಂದೇ ಒಂದು ಗುಣವೆಂದರೆ, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ.

ಸ್ಲ್ಯಾಬಿನದು ಇನ್ನೊಂದು ಥರ. ಮಸ್ಕಿಯ ಗುಡ್ಡ ನೋಡಿದವರಿಗೆ ಇದು ಗೊತ್ತು. ಅಶೋಕನ ಶಾಸನ ಸಿಕ್ಕ ಗುಡ್ಡ ಅದು. 1915ರಲ್ಲಿ ಸಿಕ್ಕ ಆ ಶಾಸನದಿಂದ ನಮ್ಮ ಊರಿನ ಹೆಸರು ಲೋಕಕ್ಕೆ ಗೊತ್ತಾಯಿತು. ಬೇಸಿಗೆ ರಾತ್ರಿ ಎಂಟಕ್ಕೆ ಅಲ್ಲಿಯ ಬಂಡೆ ಮುಟ್ಟಿದರೂ ಬಿಸಿಯಾಗಿಯೇ ಇರುತ್ತದೆ. ಹಗಲು ಕುಡಿದ ಬಿಸಿಲನ್ನು ಬಂಡೆ ರಾತ್ರಿ ಕಕ್ಕುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ಸ್ಲ್ಯಾಬು ಎಂದರೆ ನಾವೇ ದುಡ್ಡು ಕೊಟ್ಟು ತಲೆಯ ಮೇಲೆ ಇಟ್ಟುಕೊಂಡ ಬಂಡೆ. ಮಧ್ಯಾಹ್ನ ಎರಡರ ಶಾಖ ಮೂರ್ನಾಲ್ಕು ತಾಸಿನ ಮೇಲೆ ಒಳಗಿಳಿಯುತ್ತದೆ. ಹೊರಗೆ ತಂಗಾಳಿ ಬೀಸುವ ಹೊತ್ತಿಗೆ ಒಳಗೆ ಒಲೆ ಹೊತ್ತಿಸಿದಂತೆ. "ಹಗಲು ಹೆಂಗೋ ಕಳಿತೀವಿ, ರಾತ್ರಿ ನಿದ್ದಿ ಬರಂಗಿಲ್ಲ" ಎಂದು ಸ್ಲ್ಯಾಬಿನ ಮನೆಯವರು ಹೇಳುವುದು ಇದಕ್ಕೇ.

ಮಣ್ಣಿನ ಮಾಳಿಗೆ ಈ ಎರಡಕ್ಕಿಂತ ಬೇರೆ. ಎಂಜಿನಿಯರುಗಳು ಬಳಸುವ ಪಟ್ಟಿಯ ಪ್ರಕಾರ ಅಷ್ಟೇ ದಪ್ಪದ ಮಣ್ಣಿಗಿಂತ ಕಾಂಕ್ರೀಟು ಸುಮಾರು ಮೂರು ಪಟ್ಟು ಶಾಖ ಸಾಗಿಸುತ್ತದೆ. ನಮ್ಮ ಮಾಳಿಗೆಯ ಮಣ್ಣಾದರೂ ನಾಲ್ಕು ಇಂಚಿನದಲ್ಲ, ಒಂದು ಅಡಿಯ ಹತ್ತಿರದ್ದು. ಮಧ್ಯಾಹ್ನದ ಶಾಖ ಅಷ್ಟು ಮಣ್ಣು ದಾಟಿ ಕೆಳಗೆ ಬರಲು ಎಂಟು-ಹತ್ತು ತಾಸು ಬೇಕು. ಅಷ್ಟರಲ್ಲಿ ರಾತ್ರಿಯಾಗಿ ಮೇಲಿನ ಗಾಳಿ ತಣ್ಣಗಾಗಿರುತ್ತದೆ. ಶಾಖದ ದೊಡ್ಡ ಪಾಲು ಬಂದ ದಾರಿಯಲ್ಲೇ ಮೇಲಕ್ಕೆ ಹೊರಟುಹೋಗುತ್ತದೆ.

ಹಿರಿಯರ ಮಾಳಿಗೆಯಲ್ಲಿ ಏನಿತ್ತು?

ಹೊಸ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಬರೆಯುತ್ತೇನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಒತ್ತಾಗಿ ಸಣ್ಣ ಕಟ್ಟಿಗೆ ಇಲ್ಲವೇ ಕಲ್ಲಿನ ಚಪ್ಪಡಿ. ಅದರ ಮೇಲೆ ಬೇವಿನ ತಪ್ಪಲೋ ಲಕ್ಕಿ ತಪ್ಪಲೋ ಹಾಸುತ್ತಿದ್ದರು, ಹುಳ ಹತ್ತಬಾರದು ಎಂದು. ಮೇಲೆ ಹದ ಮಾಡಿದ ಮಸಾರಿ ಮಣ್ಣು, ಬಡಿದು ಬಡಿದು ಕೂಡಿಸಿದ್ದು. ಎರಿ ಮಣ್ಣು ಈ ಕೆಲಸಕ್ಕೆ ಆಗುವುದಿಲ್ಲ, ಬೇಸಿಗೆಗೆ ಬಿರುಕು ಬಿಡುತ್ತದೆ. ಎಲ್ಲದರ ಮೇಲೆ ಒಂದು ಪದರ ಚೌಳು ಮಣ್ಣು.

ಈ ಚೌಳಿನ ಮಾತು ಸ್ವಾರಸ್ಯದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎಷ್ಟೋ ಎಕರೆ ಚೌಳಾಗಿ ಬೆಳೆ ಕಳೆದುಕೊಂಡ ಕಥೆ ಸಿಂಧನೂರು ರೈತರಿಗೆ ಹೇಳಬೇಕಾಗಿಲ್ಲ. ಸೋಡಿಯಂ ಹೆಚ್ಚಾದ ಚೌಳು ಮಣ್ಣಿಗೆ ನೀರು ಬಿದ್ದರೆ ಕಣ ಕಣ ಬಿಡಿಸಿಕೊಂಡು ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಇಂಗುವುದಿಲ್ಲ. ಹೊಲದಲ್ಲಿ ಇದೇ ರೋಗ, ಮಾಳಿಗೆಯ ಮೇಲೆ ಇದೇ ಮದ್ದು. ಮಳೆ ನೀರು ಒಳಗಿಳಿಯದೆ ಹರಿದು ದೋಣಿಯಿಂದ ಬೀಳುತ್ತದೆ. ಶಾಲೆ ಕಲಿಯದ ಹಿರಿಯರು ಮಣ್ಣಿನ ಈ ಗುಣ ಕಂಡುಕೊಂಡು ಬಳಸಿದ್ದರು.

ಇನ್ನೊಂದು ಗವಾಕ್ಷಿ. ಮಾಳಿಗೆಯ ನಡುವೆ, ಅಡುಗೆ ಮನೆ ಮತ್ತು ಪಡಸಾಲೆಯ ಮೇಲೆ ಒಂದೊಂದು ಕಿಂಡಿ. ಬೆಳಕು ಬರುತ್ತಿತ್ತು, ಹೊಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬಿಸಿ ಗಾಳಿ ಹೋಗುತ್ತಿತ್ತು. ಬಿಸಿ ಗಾಳಿ ಹಗುರ, ಮೇಲಕ್ಕೇ ಏರುತ್ತದೆ. ಮೇಲೆ ದಾರಿ ಇದ್ದರೆ ಹೊರಟುಹೋಗುತ್ತದೆ, ಇಲ್ಲದಿದ್ದರೆ ಸೂರಿಗೆ ಅಂಟಿಕೊಂಡು ನಿಲ್ಲುತ್ತದೆ. ಫ್ಯಾನು ತಿರುಗಿಸಿದರೆ ಮೇಲೆ ನಿಂತಿದ್ದ ಆ ಬಿಸಿಯನ್ನೇ ತಂದು ನಮ್ಮ ಮೈಮೇಲೆ ಸುರಿಯುತ್ತದೆ. ಮಳೆ ಬಂದಾಗ ಗವಾಕ್ಷಿಯ ಮೇಲೆ ಒಂದು ಗಡಿಗೆ ಬೋರಲು ಹಾಕಿದರೆ ಮುಗಿಯಿತು.

ಮಾಳಿಗೆ ಯಾಕೆ ಬಿಟ್ಟೆವು?

ಹಳೆಯದನ್ನು ಹೊಗಳಿ ಸುಮ್ಮನಾಗುವುದು ಸುಲಭ. ಮಾಳಿಗೆ ಬಿಟ್ಟವರು ದಡ್ಡರಲ್ಲ. ತೊಲೆ ಜಂತಿಗೆ ಬೇಕಾದ ಮರ ಈಗ ಎಲ್ಲಿದೆ? ಇದ್ದರೂ ಅದರ ಬೆಲೆಗೆ ಸ್ಲ್ಯಾಬೇ ಬರುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಚೌಳು ಎಳೆಯಬೇಕು. ಮಕ್ಕಳು ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋದ ಮನೆಯಲ್ಲಿ ಆ ಕೆಲಸ ಮಾಡುವವರು ಯಾರು?

ಎಲ್ಲಕ್ಕಿಂತ ದೊಡ್ಡದು ಹೆದರಿಕೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ದಿನಗಟ್ಟಲೆ ನೆನೆದ ಮಣ್ಣಿನ ಮನೆಗಳು ಸಾಲು ಸಾಲಾಗಿ ಕುಸಿದವು. ಮಣ್ಣಿನ ತೂಕವೇನು ಕಡಿಮೆಯೇ? ಒಂದು ಘನ ಅಡಿ ಮಣ್ಣು 45 ಕಿಲೋಕ್ಕೆ ಕಡಿಮೆ ಇಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಐದು ಟನ್ನಿಗೂ ಹೆಚ್ಚು. ಜಂತಿ ಗೆದ್ದಲು ಹಿಡಿದಿದ್ದರೆ, ಗೋಡೆ ನೆನೆದಿದ್ದರೆ, ಕೆಳಗೆ ಮಲಗಿದವರ ಗತಿ ಏನು? ಹೀಗಾಗಿ ಜಂತಿ ಕೆಟ್ಟ ಮಾಳಿಗೆಯನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಜೀವಕ್ಕಿಂತ ತಂಪು ದೊಡ್ಡದಲ್ಲ.

ನಮ್ಮ ಮನೆಯಲ್ಲೂ ಈಗ ಇದೇ ಪ್ರಶ್ನೆ. ಹಿಂದಿನ ಎರಡಂಕಣ ಮಾಳಿಗೆ, ಮುಂದಿನದು ತಗಡು. ಎಲ್ಲ ಕೆಡವಿ ಸ್ಲ್ಯಾಬು ಹಾಕೋಣ ಅಂತ ಮಗ. "ನಾ ಇರೋತನಕ ಮಾಳಿಗಿಗೆ ಕೈ ಹಚ್ಚಬ್ಯಾಡ್ರಿ, ಬ್ಯಾಸಿಗ್ಯಾಗ ಎಲ್ಲಿ ಮಲಗ್ಲಿ" ಅಂತ ನಮ್ಮ ಅವ್ವ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಸೂರು ಗಟ್ಟಿಯೂ ಇರಬೇಕು, ತಂಪೂ ಇರಬೇಕು. ಮಾಳಿಗೆ ಹೋದರೂ ಮಾಳಿಗೆಯ ಗುಣ ಹೋಗಬಾರದು. ಆ ಗುಣಗಳು ಮೂರು: ಬಿಸಿಲನ್ನು ಮೇಲೆಯೇ ತಡೆಯುವುದು, ನಡುವೆ ದಪ್ಪನೆಯ ಹೊದಿಕೆ ಇರುವುದು, ಒಳಗಿನ ಬಿಸಿ ಗಾಳಿಗೆ ಮೇಲೆ ದಾರಿ ಇರುವುದು. ಈ ಮೂರನ್ನು ತಗಡಿಗೂ ಸ್ಲ್ಯಾಬಿಗೂ ಹೇಗೆ ತರಬಹುದು ನೋಡೋಣ.

ತಗಡಿನ ಮನೆಗೆ ಒಳಗೊಂದು ಅಟ್ಟ

ತಗಡಿನ ಕೆಳಗೆ ಬರಿದೇ ಮಲಗುವುದು ಹೆಂಚಿನ ಕೆಳಗೆ ಮಲಗಿದಂತೆ. ನಡುವೆ ಒಂದು ತಟ್ಟಿ ಬರಬೇಕು. ನಮ್ಮಂಥ ಒಣಬೇಸಾಯದವರ ಹತ್ತಿರ ತೊಗರಿ ಕಟ್ಟಿಗೆ ಇದ್ದೇ ಇದೆ. ಒಲೆಗೆ ಹಾಕುವುದರಲ್ಲಿ ಒಂದಿಷ್ಟು ನೆಟ್ಟಗಿರುವುದನ್ನು ಆರಿಸಿ ಇಟ್ಟುಕೊಳ್ಳಿ.

ನಾವು ಮುಂದಿನ ಕೋಣೆಗೆ ಮಾಡಿದ್ದು ಹೀಗೆ. ತಗಡಿನಿಂದ ಒಂದು ಅಡಿ ಕೆಳಗೆ ಗೋಡೆಯಿಂದ ಗೋಡೆಗೆ ಬೊಂಬು ಕೂಡಿಸಿ, ಅದರ ಮೇಲೆ ತೊಗರಿ ಕಟ್ಟಿಗೆಯ ತಟ್ಟಿ ಹೆಣೆದು ತಂತಿಯಿಂದ ಬಿಗಿದೆವು. ತಟ್ಟಿಯ ಎರಡೂ ಮೈಗೆ ಮಣ್ಣು, ಸೆಗಣಿ, ಸಣ್ಣ ಹೊಟ್ಟು ಕಲಸಿ ತೆಳುವಾಗಿ ಮೆತ್ತಿದೆವು. ತೆಳುವಾಗಿ ಎಂದರೆ ಕಟ್ಟಿಗೆ ಮುಚ್ಚುವಷ್ಟು ಮಾತ್ರ, ಹೆಚ್ಚಾದರೆ ಭಾರ. ಕೆಳಮೈಗೆ ಸುಣ್ಣ ಹಚ್ಚಿದ್ದರಿಂದ ಕೋಣೆಗೆ ಬೆಳಕೂ ಬಂತು. ತೊಗರಿ ಕಟ್ಟಿಗೆ ಮನೆಯದು, ಮಣ್ಣು ಸೆಗಣಿ ಮನೆಯದು. ಬೊಂಬು, ತಂತಿ, ಜಾಲರಿ ಮಾತ್ರ ತಂದದ್ದು.

ಇಲ್ಲಿ ಬಹಳ ಜನ ಬಿಡುವ ಕೆಲಸ ಒಂದಿದೆ. ತಗಡು ಮತ್ತು ತಟ್ಟಿಯ ನಡುವಿನ ಆ ಒಂದು ಅಡಿ ಸಂದಿ ಮುಚ್ಚಿದ್ದರೆ ಅಲ್ಲಿಯ ಗಾಳಿ ಕುದಿಯುತ್ತದೆ. ಕುದ್ದು ಕುದ್ದು ಕೊನೆಗೆ ತಟ್ಟಿಯನ್ನೂ ಕಾಯಿಸುತ್ತದೆ. ಆದ್ದರಿಂದ ಆ ಸಂದಿಯ ಎರಡೂ ಕೊನೆಗೆ, ಎದುರುಬದುರು ಗೋಡೆಯಲ್ಲಿ, ಕಿಂಡಿ ಬಿಡಬೇಕು. ಒಂದು ಕಡೆ ತಗ್ಗಿನಲ್ಲಿ, ಇನ್ನೊಂದು ಕಡೆ ಆದಷ್ಟು ಎತ್ತರದಲ್ಲಿ. ತಗ್ಗಿನ ಕಿಂಡಿಯಿಂದ ಗಾಳಿ ಒಳಗೆ ಬಂದು, ಬಿಸಿಯಾಗಿ ಎತ್ತರದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಕಿಂಡಿಗೆ ತಂತಿ ಜಾಲರಿ ಹೊಡೆಯಲೇಬೇಕು. ಇಲ್ಲದಿದ್ದರೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಅಟ್ಟದ ಸಂದಿಯಲ್ಲಿ ಬರಿ ವೈರು ಹಾಯಿಸಬೇಡಿ. ಇಲಿ ಕಡಿದರೆ ಕಟ್ಟಿಗೆಗೆ ಬೆಂಕಿ. ಪೈಪಿನೊಳಗೆ ಹಾಕಿಸಿ. ಒಲೆ ಉರಿಯುವ ಕೋಣೆಗೆ ತಟ್ಟಿಯ ಅಟ್ಟ ಬೇಡ. ಕೆಲವರು ಥರ್ಮಾಕೋಲ್ ಅಂಟಿಸುತ್ತಾರೆ. ಅದು ಶಾಖ ತಡೆಯುವುದೇನೋ ನಿಜ, ಆದರೆ ಬೆಂಕಿ ಹತ್ತಿದರೆ ಕರಗಿ ಉರಿದು ಕೆಟ್ಟ ಹೊಗೆ ಬಿಡುತ್ತದೆ. ಮಕ್ಕಳು ಮಲಗುವ ಕೋಣೆಗೆ ನಾನಂತೂ ಹಾಕಿಸುವುದಿಲ್ಲ.

ಒಳಗೆ ಅಟ್ಟ ಕಟ್ಟಲು ಎತ್ತರ ಸಾಲದಿದ್ದರೆ ತಗಡಿನ ಮೇಲೆಯೇ ನೆರಳು ಮಾಡಬಹುದು. ತಗಡಿನಿಂದ ಮೇಲೆ ಒಂದು ಅಡಿ ಸಂದಿ ಬಿಟ್ಟು ಹಂದರದ ಥರ ತಟ್ಟಿ ಕಟ್ಟುವುದು. ಬಿಸಿಲು ತಟ್ಟಿಗೆ ಬೀಳುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಶಿವರಾತ್ರಿ ಮುಗಿಯುತ್ತಲೇ ಕಟ್ಟಿ, ಮುಂಗಾರು ಗಾಳಿಗೆ ಮೊದಲು ಬಿಚ್ಚಿಡಬೇಕು. ಬಿಚ್ಚದಿದ್ದರೆ ರೋಹಿಣಿ ಮಳೆಯ ಬಿರುಗಾಳಿ ತಟ್ಟಿಯನ್ನು ಪಕ್ಕದ ಓಣಿಗೆ ಒಯ್ಯುತ್ತದೆ. ಸಿಂಧನೂರು ಕಡೆಯವರು ಭತ್ತದ ಹುಲ್ಲು ಗದ್ದೆಯಲ್ಲೇ ಸುಡುತ್ತಾರೆ. ಅದರಲ್ಲಿ ನಾಲ್ಕು ಹೊರೆ ಕಟ್ಟಿ ಮಣ್ಣಿನ ರಾಡಿಯಲ್ಲಿ ಅದ್ದಿ ತಟ್ಟಿಯ ಮೇಲೆ ಹಾಸಿದರೆ ಇನ್ನೂ ಒಳ್ಳೆಯದು. ಒಣ ಹುಲ್ಲು ಹಾಗೇ ಹಾಸಬೇಡಿ, ಕಿಡಿ ಸಿಕ್ಕರೆ ಕಷ್ಟ.

ಸಿಮೆಂಟ್ ಶೀಟಿನ ಮನೆಯವರಿಗೆ ಒಂದು ಎಚ್ಚರಿಕೆ. ಹಳೆಯ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ಉಜ್ಜುವುದು, ಕೊರೆಯುವುದು, ಒಡೆಯುವುದು ಬೇಡ. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಶೀಟಿನ ಮೇಲೆ ನಡೆಯಲೂಬೇಡಿ, ಮುರಿದು ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ.

ಸ್ಲ್ಯಾಬಿಗೆ ಸುಣ್ಣ

ಹಬ್ಬ ಬಂದರೆ ಗೋಡೆಗೆ ಸುಣ್ಣ ಹಚ್ಚುತ್ತೇವೆ, ನಾಲ್ಕು ಮಂದಿ ನೋಡಲಿ ಎಂದು. ಯಾರೂ ನೋಡದ ಮಾಳಿಗೆಗೆ ಸುಣ್ಣ ಯಾಕೆ ಎಂದು ಕೇಳಬಹುದು. ನಮ್ಮ ಹೊಲದಲ್ಲೇ ಉತ್ತರ ಇದೆ. ಬಿಸಿಲಿಗೆ ಹೋಗುವಾಗ ಬಿಳಿ ಅಂಗಿ ಹಾಕುತ್ತೇವೆ, ತಲೆಗೆ ಬಿಳಿ ಟವೆಲ್ ಸುತ್ತುತ್ತೇವೆ. ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಕುಡಿಯುತ್ತದೆ. ಮಳೆ-ಧೂಳಿಗೆ ಕಪ್ಪಾದ ಹಳೆ ಸ್ಲ್ಯಾಬು ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಒಳಗೆಳೆದುಕೊಳ್ಳುತ್ತದೆ. ಹೊಸದಾಗಿ ಸುಣ್ಣ ಹಚ್ಚಿದ್ದು ಹೆಚ್ಚಿನ ಪಾಲನ್ನು ವಾಪಸ್ ಕಳಿಸುತ್ತದೆ.

ಇದು ಬರೀ ನಮ್ಮ ಮಾತಲ್ಲ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿತು. ಗುಜರಾತಿನ ಅಹಮದಾಬಾದಿನಲ್ಲಿ ಅದಕ್ಕೂ ಮೊದಲು, 2017ರಲ್ಲಿ, ಬಡವರ ಓಣಿಗಳ ಮನೆಗಳ ಮೇಲೆ ಬಿಳಿ ಬಳಿಯುವ ಕೆಲಸ ಶುರುವಾಗಿತ್ತು.

ಮಾಡುವ ರೀತಿ ಹೀಗೆ. ಮೊದಲು ಸ್ಲ್ಯಾಬು ಗುಡಿಸಿ ತೊಳೆದು ಪಾಚಿ ಕೆರೆದು ತೆಗೆಯಿರಿ. ಬಿರುಕಿದ್ದರೆ ಸಿಮೆಂಟಿನಿಂದ ಮುಚ್ಚಿ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರಿನ ಲೆಕ್ಕ. ಸುಣ್ಣವನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಿ ರಾತ್ರಿ ಬಿಡಿ, ಮರುದಿನ ಬಟ್ಟೆಯಲ್ಲಿ ಸೋಸಿ. ಹಿಡಿತಕ್ಕೆ ಬಿಸಿ ನೀರಿನಲ್ಲಿ ಕರಗಿಸಿದ ಗೋಂದು ಅಥವಾ ಅಕ್ಕಿ ಗಂಜಿ ಬೆರೆಸಿ. ಸ್ಲ್ಯಾಬಿಗೆ ನೀರು ಚಿಮುಕಿಸಿ, ಹೊತ್ತಿಳಿದ ಮೇಲೆ ಮೊದಲ ಸಲ ಹಚ್ಚಿ. ಒಣಗಿದ ಮೇಲೆ ಅಡ್ಡಡ್ಡಲಾಗಿ ಎರಡನೆಯ ಸಲ. ಮೂರು ಸಲ ಹಚ್ಚಿದರೆ ಒಳ್ಳೆಯದು. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಮಕ್ಕಳನ್ನು ದೂರ ಇಡಿ. ಅರಳಿಸುವವರು ಕಣ್ಣಿಗೆ ಕನ್ನಡಕ, ಕೈಕಾಲಿಗೆ ಬಟ್ಟೆ ಹಾಕಿಕೊಳ್ಳಲಿ.

ಮಳೆಗಾಲ ಕಳೆದ ಮೇಲೆ ಬಿಳಿ ಮಾಸುತ್ತದೆ, ಧೂಳು ಕೂಡುತ್ತದೆ. ಅದಕ್ಕೆ ಪ್ರತಿ ವರ್ಷ ಯುಗಾದಿಗೆ ಮೊದಲು ಒಂದು ಸಲ ಹಚ್ಚುವುದು ರೂಢಿಯಾಗಬೇಕು. ಸತು ಬಳಿದ ತಗಡಿಗೆ ಮಾತ್ರ ಸುಣ್ಣ ಬೇಡ. ಅದು ಅಲ್ಲಿ ಹಿಡಿದು ನಿಲ್ಲುವುದಿಲ್ಲ, ಹಸಿ ಸುಣ್ಣ ಸತುವನ್ನೂ ತಿನ್ನುತ್ತದೆ. ತಗಡಿಗೆ ಅದಕ್ಕೆಂದೇ ಇರುವ ಬಿಳಿ ಬಣ್ಣ ಹಚ್ಚಬೇಕು.

ಇನ್ನೂ ಸ್ವಲ್ಪ ಖರ್ಚು ಮಾಡುವ ಶಕ್ತಿ ಇದ್ದವರು ಬಿಳಿ ಟೈಲ್ಸಿನ ಒಡಕು ಚೂರುಗಳನ್ನು ಸ್ಲ್ಯಾಬಿನ ಮೇಲೆ ಗಾರೆಯಲ್ಲಿ ಕೂಡಿಸಬಹುದು. ವರ್ಷ ವರ್ಷ ಸುಣ್ಣದ ಕೆಲಸ ತಪ್ಪುತ್ತದೆ, ತೊಳೆದರೆ ಸಾಕು. ಟೈಲ್ಸ್ ಅಂಗಡಿಗಳಲ್ಲಿ ಒಡಕು ಬಿದ್ದೇ ಇರುತ್ತದೆ, ಕೇಳಿ ನೋಡಿ. ಸ್ಲ್ಯಾಬಿನ ಮೇಲೆ ನಾಲ್ಕು ಇಂಚು ಹದವಾದ ಮಣ್ಣು ಹಾಕಿ ಮೇಲೆ ಇಟ್ಟಿಗೆ ಬಿಲ್ಲೆ ಕೂಡಿಸುವ ಪದ್ಧತಿಯೂ ಇದೆ. ನಮ್ಮ ಮಾಳಿಗೆಯ ಗುಣ ಸ್ಲ್ಯಾಬಿಗೆ ಬರುವುದು ಇದರಿಂದಲೇ. ಆದರೆ ಭಾರದ ಲೆಕ್ಕ ಮರೆಯಬೇಡಿ. ಕಟ್ಟಿ ಮುಗಿದ ಸ್ಲ್ಯಾಬಿನ ಮೇಲೆ ಎಂಜಿನಿಯರನ್ನು ಕೇಳದೆ ಮಣ್ಣು ಹೇರಬಾರದು. ಹೊಸ ಮನೆ ಕಟ್ಟಿಸುವವರು ಎಸ್ಟಿಮೇಟ್ ಬರೆಸುವಾಗಲೇ ಇದನ್ನು ಸೇರಿಸಿದರೆ ಕಂಬಿ, ತೊಲೆ ಅದಕ್ಕೆ ತಕ್ಕಂತೆ ಬರುತ್ತವೆ. ಗೌಂಡಿಗೆ ಬಿಟ್ಟರೆ "ಯಾರೂ ಹಾಕ್ಸಂಗಿಲ್ರಿ" ಅನ್ನುತ್ತಾನೆ. ಕೇಳದೆ ಇರುವವರು ನಾವು, ಅವನು ಯಾಕೆ ಹಾಕ್ತಾನೆ?

ಸಂಜೆ ಸ್ಲ್ಯಾಬಿಗೆ ನೀರು ಹೊಡೆಯುವುದನ್ನು ಕೆಲವರು ಮಾಡುತ್ತಾರೆ. ತಂಪಾಗುತ್ತದೆ, ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ನಮ್ಮ ಊರುಗಳಲ್ಲಿ ಅದು ಸಲ್ಲದು.

ಕಿಟಕಿ ಯಾವಾಗ ತೆಗೆಯಬೇಕು?

ಸೆಕೆಯಾದರೆ ಕಿಟಕಿ ತೆಗೆಯುವುದು ಎಲ್ಲರ ಅಭ್ಯಾಸ. ಕರಾವಳಿಗೆ ಅದು ಸರಿ, ಅಲ್ಲಿಯ ಗಾಳಿ ಬೇರೆ. ನಮ್ಮ ಕಡೆ ಮಧ್ಯಾಹ್ನದ ಗಾಳಿ ಎಂದರೆ ಝಳ. ಹೊರಗೆ 42 ಡಿಗ್ರಿ ಇರುವಾಗ ಕಿಟಕಿ ತೆಗೆದರೆ 42 ಡಿಗ್ರಿಯನ್ನು ಮನೆಗೆ ಕರೆದಂತೆ. ಹಿರಿಯರು ಹೊತ್ತೇರುತ್ತಲೇ ಬಾಗಿಲು ಮುಂದೆ ಮಾಡಿ, ಹೊತ್ತು ಮುಳುಗಿದ ಮೇಲೆ ತೆಗೆಯುತ್ತಿದ್ದರು. ಇದೇ ಸರಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ತಗ್ಗಿನ ಕಿಟಕಿಗಳನ್ನು ಮುಚ್ಚಿ, ಪಡುವಣ ಕಿಟಕಿಗೆ ಗೋಣಿಚೀಲದ ಪರದೆ ಬಿಡಿ. ಮೇಲಿನ ಗವಾಕ್ಷಿ, ಕಿಂಡಿ ತೆರೆದೇ ಇರಲಿ. ರಾತ್ರಿ ಎಲ್ಲವನ್ನೂ ತೆಗೆದು ನಸುಕಿನ ತಂಪು ಗಾಳಿಯಿಂದ ಗೋಡೆ, ನೆಲ ಆರಿಸಿಕೊಳ್ಳಿ. ಆ ತಂಪೇ ಮರುದಿನ ಮಧ್ಯಾಹ್ನದವರೆಗಿನ ಬುತ್ತಿ. ಭತ್ತದ ಸೀಮೆಯವರು ಸೊಳ್ಳೆಗೆ ಹೆದರಿ ರಾತ್ರಿ ಕಿಟಕಿ ಮುಚ್ಚುತ್ತಾರೆ. ಫ್ಯಾನು ಕೊಳ್ಳುವ ಮೊದಲು ಕಿಟಕಿಗೆ ಜಾಲರಿ ಹಾಕಿಸಿ.

ಸ್ಲ್ಯಾಬು ಹಾಕುವಾಗ ನಡುವೆ ಎರಡು ಅಡಿ ಚೌಕದ ಗವಾಕ್ಷಿ ಬಿಡಿಸಿ. ಸುತ್ತ ಒಂದು ಅಡಿ ಕಟ್ಟೆ ಕಟ್ಟಿ, ಮೇಲೆ ಸಂದಿ ಬಿಟ್ಟು ಚಪ್ಪಡಿ ಹೊದಿಸಿ, ಸುತ್ತ ಜಾಲರಿ ಹೊಡೆದರೆ ಮಳೆಯೂ ಬಾರದು, ಕಳ್ಳನೂ ಬಾರ. ಆಗದಿದ್ದರೆ ಗೋಡೆಯ ನೆತ್ತಿಯಲ್ಲಾದರೂ ಕಿಂಡಿ ಇರಲಿ. ಪಡುವಣಕ್ಕೆ ಒಂದು ಬೇವಿನ ಸಸಿ ನೆಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಆ ಗೋಡೆಯೂ ತಂಪು.

ಕರೆಂಟಿನ ಲೆಕ್ಕ

ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ನಮ್ಮ ಜಿಲ್ಲೆಯದೇ ಕರೆಂಟು. ಆದರೂ ಬೇಸಿಗೆ ಮಧ್ಯಾಹ್ನ ನಮ್ಮೂರಲ್ಲಿ ಅದು ಇದ್ದರೆ ಇತ್ತು, ಹೋದರೆ ಹೋಯಿತು. ದೀಪದ ಬುಡಕ್ಕೆ ಕತ್ತಲೆ ಅಂತಾರಲ್ಲ ಹಾಗೆ.

ಸಾವಿರ ವ್ಯಾಟಿನ ವಸ್ತು ಒಂದು ತಾಸು ನಡೆದರೆ ಒಂದು ಯೂನಿಟ್. ಹಳೆಯ ಫ್ಯಾನು 75 ವ್ಯಾಟ್. ದಿನಕ್ಕೆ 16 ತಾಸು ತಿರುಗಿದರೆ ತಿಂಗಳಿಗೆ 36 ಯೂನಿಟ್, ಎರಡು ಫ್ಯಾನಿಗೆ 72. ಕೂಲರು 180 ವ್ಯಾಟ್ ಎಂದುಕೊಂಡು ದಿನಕ್ಕೆ 12 ತಾಸು ಹಿಡಿದರೆ ತಿಂಗಳಿಗೆ 65. ಫ್ರಿಜ್ಜು ದಿನಕ್ಕೊಂದು ಯೂನಿಟ್, ತಿಂಗಳಿಗೆ 30. ಟಿವಿ, ನಾಲ್ಕು ಬಲ್ಬು ಸೇರಿ 12. ನೀರೆತ್ತುವ ಅರ್ಧ ಎಚ್‌ಪಿ ಮೋಟಾರು ದಿನಕ್ಕೊಂದು ತಾಸು ಎಂದರೆ ಇನ್ನೊಂದು 12-13. ಕೂಡಿಸಿ ನೋಡಿ, 190 ದಾಟಿತು.

ಇಲ್ಲೇ ಬರುವುದು 200ರ ಗೆರೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೊಂದು ಮಿತಿ ಹಾಕಿದರು. 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಬಂದದ್ದು ಆ ಮಿತಿ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. ತಿಂಗಳಿಗೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಮಗಳು ಹೆರಿಗೆಗೆ ಬಂದಳು, ಇನ್ನೊಂದು ಫ್ಯಾನು ತಿರುಗಿತು ಎಂದರೆ ಗೆರೆ ದಾಟಿದಂತೆಯೇ.

ಸೂರು ತಂಪಾಗಿ ಕೂಲರು 12 ತಾಸಿನ ಬದಲು ಆರು ತಾಸು ನಡೆದರೆ ಸಾಕಾದೀತು ಎಂದುಕೊಳ್ಳಿ, 32 ಯೂನಿಟ್ ಉಳಿಯುತ್ತದೆ. ಹಳೆ ಫ್ಯಾನು ಕೆಟ್ಟಾಗ ಸುಮಾರು 30 ವ್ಯಾಟಿನ ಹೊಸ ನಮೂನೆಯದು ತಂದರೆ ಎರಡು ಫ್ಯಾನಿಗೆ 72 ಇದ್ದದ್ದು 29ಕ್ಕೆ ಇಳಿಯುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿನ ಮೇಲೆ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಐದು ನಕ್ಷತ್ರ ನೋಡಿ ತರಬೇಕು. ಆದರೆ ಮೊದಲು ಸೂರು, ಆಮೇಲೆ ಫ್ಯಾನು. ಯಾಕೆಂದರೆ ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸುತ್ತದೆ ಅಷ್ಟೇ. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನು ಮೈಯನ್ನು ಇನ್ನಷ್ಟು ಕಾಯಿಸುತ್ತದೆ, ಆಗ ಫ್ಯಾನು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಅಷ್ಟು ಕಾಯಲು ಎಷ್ಟು ಹೊತ್ತು? ಕರೆಂಟು ಹೋದಾಗ ಫ್ಯಾನು, ಕೂಲರು ಎರಡೂ ಸುಮ್ಮನೆ ನಿಲ್ಲುತ್ತವೆ. ಅಟ್ಟ, ಸುಣ್ಣ, ಗವಾಕ್ಷಿ ಆಗಲೂ ಕೆಲಸ ಮಾಡುತ್ತವೆ.

ಬೀಜಕ್ಕೂ ತಂಪು ಬೇಕು

ಇನ್ನೊಂದು ಲಾಭ ನಮ್ಮ ಕಸುಬಿಗೇ ಸೇರಿದ್ದು. ಬೀಜದ ತೊಗರಿ, ಸಜ್ಜೆ, ಶೇಂಗಾ ಎಲ್ಲಿಡುತ್ತೇವೆ? ಮನೆಯಲ್ಲೇ. ತಗಡಿನ ಕೆಳಗೆ ಚೀಲ ಒಟ್ಟಿ ಇಟ್ಟು, ಮುಂಗಾರಿಗೆ ಮೊಳಕೆ ಬರದಿದ್ದರೆ ಬೀಜವನ್ನು ಬೈಯುತ್ತೇವೆ. ಬೀಜ ಇಡುವ ಜಾಗದ ಶಾಖ 5 ಡಿಗ್ರಿ ಇಳಿದರೆ ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎನ್ನುವುದು ಬೀಜ ಶಾಸ್ತ್ರದವರ ಹಳೆಯ ಲೆಕ್ಕ. ಮನೆಯ ಅತಿ ತಂಪಾದ ಮೂಲೆ ಬೀಜಕ್ಕಿರಲಿ. ಹೊಸ ಅಟ್ಟದ ಮೇಲೆ ಮಾತ್ರ ಬೀಜ ಇಡಬೇಡಿ, ತಗಡಿಗೆ ಹತ್ತಿರದ ಆ ಸಂದಿಯೇ ಮನೆಯಲ್ಲಿ ಅತಿ ಬಿಸಿ ಜಾಗ. ದನದ ಕೊಟ್ಟಿಗೆಯ ತಗಡಿಗೂ ಇದೇ ತಟ್ಟಿ, ಇದೇ ಕಿಂಡಿ. ಬಿಸಿಲಿಗೆ ಏದುಸಿರು ಬಿಡುವ ಎಮ್ಮೆ ಹಾಲು ಎಲ್ಲಿಂದ ಕೊಟ್ಟೀತು?

ಹೊರಗೆ ದುಡಿಯುವ ಗಂಡಸರು ಮಧ್ಯಾಹ್ನ ಬೇವಿನ ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ ಒರಗುತ್ತೇವೆ. ಬೆಂದ ಸೂರಿನ ಕೆಳಗೆ ಉಳಿಯುವವರು ಅಡುಗೆಯ ಹೆಣ್ಣುಮಕ್ಕಳು, ತೊಟ್ಟಿಲ ಕೂಸು, ಹೊರಸು ಹಿಡಿದ ಹಿರಿಯರು. ಸೂರಿನ ಖರ್ಚಿನ ಮಾತು ಬಂದಾಗ ಅವರನ್ನೂ ಕೂಡಿಸಿಕೊಂಡು ಕೇಳಿ. ನಮ್ಮ ಮನೆಯಲ್ಲಿ ಕೇಳಿದ ಮೇಲೆ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಜಂತಿ ಗಟ್ಟಿ ಇರುವ ಅಂಕಣ ಉಳಿಯುತ್ತದೆ, ವರ್ಷಕ್ಕೊಮ್ಮೆ ಚೌಳು ಎಳೆಯುವ ಕೆಲಸ ಮಗನದು. ಗೆದ್ದಲು ಹಿಡಿದ ಅಂಕಣಕ್ಕೆ ಸ್ಲ್ಯಾಬು ಬರುತ್ತದೆ, ಅದರ ನಡುವೆ ಗವಾಕ್ಷಿ, ಮೇಲೆ ಮಣ್ಣು-ಬಿಲ್ಲೆ ಎರಡೂ ಎಸ್ಟಿಮೇಟಿನಲ್ಲೇ ಬರೆಸಿದ್ದೇವೆ.

ಈ ಸಲ ಯುಗಾದಿಗೆ ಗೋಡೆಗೆ ಸುಣ್ಣ ತರುವಾಗ ಮಾಳಿಗೆಗೂ ಸೇರಿಸಿ ತನ್ನಿ. ತೊಗರಿ ಕಟ್ಟಿಗೆ ಒಲೆಗೆ ಹಾಕುವ ಮೊದಲು ಹತ್ತು ಹೊರೆ ಬೇರೆ ತೆಗೆದಿಡಿ. ಬೇರೆ ಥರ ಮಾಡಿ ತಂಪು ಕಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ, ನಾವೂ ಮಾಡಿ ನೋಡುತ್ತೇವೆ.